ಹೊಸ ವಾಹನ, ಮುಗಿಯದ ರಿಪೇರಿ: ಷೋರೂಂ ಕೈಚೆಲ್ಲಿದಾಗ ಗ್ರಾಹಕನ ದಾರಿ ಯಾವುದು?

2024ರ ಸೆಪ್ಟೆಂಬರ್ 10ರಂದು ಕಲಬುರಗಿಯಲ್ಲಿ ಓಲಾ ಎಲೆಕ್ಟ್ರಿಕ್ ಸಂಸ್ಥೆಯ ಷೋರೂಂ ಹೊತ್ತಿ ಉರಿಯಿತು. ಬೆಂಕಿ ಹಚ್ಚಿದ ಆರೋಪದ ಮೇಲೆ ಪೊಲೀಸರು ಬಂಧಿಸಿದ್ದು, ಕೆಲವೇ ದಿನಗಳ ಹಿಂದೆ ಅಲ್ಲಿಯೇ ಸುಮಾರು 1.4 ಲಕ್ಷ ರೂಪಾಯಿ ತೆತ್ತು ಸ್ಕೂಟರ್ ಕೊಂಡಿದ್ದ ಯುವಕನನ್ನು. ವೃತ್ತಿಯಲ್ಲಿ ಆತ ಮೆಕ್ಯಾನಿಕ್. ಕೊಂಡ ಒಂದೆರಡು ದಿನಗಳಲ್ಲೇ ಸ್ಕೂಟರ್ ತೊಂದರೆ ಕೊಡತೊಡಗಿತ್ತು. ಷೋರೂಮಿಗೆ ಅಲೆದದ್ದಷ್ಟೇ ಬಂತು, ರಿಪೇರಿ ಆಗಲಿಲ್ಲ ಎಂಬುದು ಆತನ ಅಳಲಾಗಿತ್ತು. ಬೆಂಕಿಯಿಂದಾದ ನಷ್ಟ ಸುಮಾರು ಎಂಟೂವರೆ ಲಕ್ಷ ರೂಪಾಯಿ ಎಂದು ಅಂದಾಜಿಸಲಾಯಿತು.

ಮಾಡಿದ್ದು ಅಪರಾಧವೇ. ಆದರೆ ದೂರು ಹೊತ್ತವನು ಆತನೊಬ್ಬನೇ ಆಗಿರಲಿಲ್ಲ. ಮರುತಿಂಗಳೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಅದೇ ಸಂಸ್ಥೆಗೆ ಕಾರಣ ಕೇಳಿ ನೋಟಿಸ್ ನೀಡಿತು. 2023ರ ಸೆಪ್ಟೆಂಬರ್‌ನಿಂದ 2024ರ ಆಗಸ್ಟ್‌ವರೆಗಿನ ಒಂದು ವರ್ಷದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಈ ಸಂಸ್ಥೆಯ ವಿರುದ್ಧ ಬಂದಿದ್ದ ದೂರುಗಳ ಸಂಖ್ಯೆ 10,644. ಅವುಗಳಲ್ಲಿ ಶೇಕಡ 99.1ರಷ್ಟನ್ನು ಬಗೆಹರಿಸಿದ್ದೇವೆ ಎಂದು ಸಂಸ್ಥೆ ಆ ಬಳಿಕ ಷೇರು ವಿನಿಮಯ ಕೇಂದ್ರಕ್ಕೆ ತಿಳಿಸಿತು. ಬಗೆಹರಿಯುವುದು ಎಂದರೇನು ಎಂಬುದನ್ನು ದೂರು ಕೊಟ್ಟವರೇ ಹೇಳಬೇಕು.

ಹೊಸ ವಾಹನ ಕೆಟ್ಟರೆ, ಷೋರೂಮಿನವರಿಂದ ಅದನ್ನು ಸರಿಪಡಿಸಲಾಗದಿದ್ದರೆ, ಅದನ್ನು ಹಿಂದಿರುಗಿಸಿ ಹಣ ಪಡೆಯಬಹುದು ಎಂದು ಬಹುತೇಕ ಗ್ರಾಹಕರು ನಂಬಿರುತ್ತಾರೆ. ಅಮೆರಿಕದಲ್ಲಿ ಇದು ಬಹುಮಟ್ಟಿಗೆ ನಿಜ. ಅಲ್ಲಿನ ಕನೆಕ್ಟಿಕಟ್ ರಾಜ್ಯ 1982ರಲ್ಲಿ ಜಾರಿಗೆ ತಂದ, ‘ಲೆಮನ್ ಕಾಯಿದೆ’ ಎಂದೇ ಹೆಸರಾದ ಶಾಸನವನ್ನು ಉಳಿದ ರಾಜ್ಯಗಳೂ ಅನುಸರಿಸಿದವು. ಇಷ್ಟು ಬಾರಿ ರಿಪೇರಿ ವಿಫಲವಾದರೆ ಅಥವಾ ಇಷ್ಟು ದಿನ ವಾಹನ ವರ್ಕ್‌ಷಾಪಿನಲ್ಲೇ ಉಳಿದರೆ ಬದಲಿ ವಾಹನ ಇಲ್ಲವೇ ಹಣ ಎಂಬ ಲೆಕ್ಕ ಅಲ್ಲಿ ಕಾನೂನಿನಲ್ಲೇ ಇದೆ. ಭಾರತದಲ್ಲಿ ಅಂತಹ ಪ್ರತ್ಯೇಕ ಕಾಯಿದೆ ಇಲ್ಲ. ಇಲ್ಲಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ. 1986ರ ಕಾಯಿದೆಯ ಸ್ಥಾನದಲ್ಲಿ ಅದು 2020ರ ಜುಲೈ 20ರಿಂದ ಜಾರಿಗೆ ಬಂದಿತು. ಎಷ್ಟು ಸಲ ರಿಪೇರಿ ಸೋತರೆ ವಾಹನ ಬದಲಿಸಬೇಕು ಎಂಬ ಎಣಿಕೆ ಅದರಲ್ಲಿಲ್ಲ.

<b>ದೋಷ ಬೇರೆ, ಉತ್ಪಾದನಾ ದೋಷ ಬೇರೆ</b>

ಎಲ್ಲ ತೊಡಕು ಇರುವುದು ಇಲ್ಲಿಯೇ. ವಾರಂಟಿ ಪುಸ್ತಕದಲ್ಲಿ ಕಂಪನಿ ಕೊಡುವ ಭರವಸೆ ಕೆಟ್ಟ ಭಾಗವನ್ನು ರಿಪೇರಿ ಮಾಡುವ ಅಥವಾ ಬದಲಿಸುವ ಬಗ್ಗೆ ಮಾತ್ರ. ಇಡೀ ವಾಹನವನ್ನು ಬದಲಿಸುವ ಬಗ್ಗೆ ಅಲ್ಲ. ಮಾರುತಿ ಉದ್ಯೋಗ್ ಸಂಸ್ಥೆಯ ಕಾರೊಂದರ ಕುರಿತು 2006ರಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ವಾರಂಟಿಯ ಷರತ್ತು ದೋಷಯುಕ್ತ ಭಾಗಕ್ಕೆ ಅನ್ವಯಿಸುತ್ತದೆಯೇ ಹೊರತು ಕಾರಿಗಲ್ಲ ಎಂಬುದು ಅದರ ತಾತ್ಪರ್ಯ. ಅಂದಿನಿಂದ ಕಂಪನಿಗಳ ವಕೀಲರು ಈ ತೀರ್ಪನ್ನು ಉಲ್ಲೇಖಿಸುತ್ತಲೇ ಇದ್ದಾರೆ.

ಹಾಗಾದರೆ ಗ್ರಾಹಕನಿಗೆ ಬಾಗಿಲು ಮುಚ್ಚಿತೇ? ಇಲ್ಲ. ಕರ್ನಾಟಕದ ಗ್ರಾಹಕರೊಬ್ಬರು ಫಿಯಟ್ ಇಂಡಿಯಾ ವಿರುದ್ಧ ಹೂಡಿದ್ದ ದಾವೆ ರಾಜ್ಯ ಆಯೋಗ, ರಾಷ್ಟ್ರೀಯ ಆಯೋಗಗಳನ್ನು ದಾಟಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಡೀಸೆಲ್ ಕಾರಿನ ಎಂಜಿನ್ನಿನ ಸದ್ದು ಅವರ ಮುಖ್ಯ ದೂರು. 2010ರ ನವೆಂಬರ್‌ನಲ್ಲಿ ನ್ಯಾಯಾಲಯ ಸಮತೋಲನದ ದಾರಿ ಹಿಡಿಯಿತು. ವಾಹನದಲ್ಲಿ ಮೂಲತಃ ಉತ್ಪಾದನಾ ದೋಷವಿದೆ ಎಂಬುದು ಸಾಬೀತಾಗದೆ ಬದಲಿ ವಾಹನಕ್ಕಾಗಲೀ ಹಣ ವಾಪಸಾತಿಗಾಗಲೀ ಆದೇಶಿಸಲಾಗದು. ಆದರೆ ಸ್ವತಂತ್ರ ತಾಂತ್ರಿಕ ಪರಿಣತರು ಪರೀಕ್ಷಿಸಿ ಅಂತಹ ದೋಷವಿದೆ ಎಂದು ಹೇಳಿದರೆ ಕಾರಿನ ಬೆಲೆಯನ್ನೂ ಜೀವಿತಾವಧಿ ತೆರಿಗೆಯನ್ನೂ ಶೇಕಡ 12ರ ಬಡ್ಡಿಸಹಿತ ಹಿಂದಿರುಗಿಸಬೇಕು ಎಂದಿತು. ತೆರಿಗೆಯ ಮಾತು ಗಮನಾರ್ಹ. ಕರ್ನಾಟಕದಲ್ಲಿ ಹತ್ತು ಲಕ್ಷದ ಪೆಟ್ರೋಲ್ ಕಾರಿಗೆ ಜೀವಿತಾವಧಿ ತೆರಿಗೆಯೇ ಸೆಸ್ ಸೇರಿ ಒಂದೂವರೆ ಲಕ್ಷದ ಆಸುಪಾಸು ಆಗುತ್ತದೆ. ದೂರಿನಲ್ಲಿ ಷೋರೂಂ ಬೆಲೆಯನ್ನಷ್ಟೇ ಕೇಳಿ ತೆರಿಗೆ, ವಿಮೆ ಹಾಗೂ ನೋಂದಣಿ ವೆಚ್ಚವನ್ನು ಕೇಳಲು ಮರೆತವರು ಆ ಮೊತ್ತವನ್ನು ಕಳೆದುಕೊಂಡಂತೆಯೇ ಸರಿ.

<b>ಜಾಬ್ ಕಾರ್ಡ್ ಎಂಬ ಸಾಕ್ಷಿ</b>

ಷೋರೂಮಿನವರಿಗೆ ದೋಷ ಏಕೆ ಸಿಗುವುದಿಲ್ಲ? ಎಲ್ಲ ಬಾರಿಯೂ ಅದು ಅಸಡ್ಡೆಯಲ್ಲ. ಇಂದಿನ ವಾಹನದಲ್ಲಿ ಎಂಜಿನ್, ಬ್ರೇಕ್, ಬ್ಯಾಟರಿ ಎಲ್ಲಕ್ಕೂ ಎಲೆಕ್ಟ್ರಾನಿಕ್ ನಿಯಂತ್ರಣ ಘಟಕಗಳಿವೆ. ವರ್ಕ್‌ಷಾಪಿನಲ್ಲಿ ಸ್ಕ್ಯಾನರ್ ಜೋಡಿಸಿ, ಅದು ತೋರಿಸುವ ಸಂಕೇತವನ್ನು ನೋಡಿ ಭಾಗ ಬದಲಿಸುತ್ತಾರೆ. ಒಮ್ಮೆ ಕಾಣಿಸಿಕೊಂಡು ಮತ್ತೊಮ್ಮೆ ಮರೆಯಾಗುವ ದೋಷ ಸಂಕೇತವನ್ನೇ ಬಿಡದಿರಬಹುದು. ಸಡಿಲಗೊಂಡ ವೈರಿನ ಕೊಂಡಿ, ಬಿಸಿಯಾದಾಗ ಮಾತ್ರ ಕೈಕೊಡುವ ಸೆನ್ಸರ್, ಸಾಫ್ಟ್‌ವೇರಿನ ಲೋಪ – ಇವೆಲ್ಲ ಈ ಬಗೆಯವು. ಇದರ ಮೇಲೆ, ವಾರಂಟಿಯಲ್ಲಿ ದುಬಾರಿ ಭಾಗ ಬದಲಿಸಲು ಡೀಲರ್ ಕಂಪನಿಯ ಒಪ್ಪಿಗೆ ಪಡೆಯಬೇಕು. ಒಪ್ಪಿಗೆ ಬರುವ ತನಕ ಗ್ರಾಹಕನಿಗೆ ‘ಪಾರ್ಟ್ ಬರಬೇಕು ಸರ್’ ಎಂಬ ಉತ್ತರವೇ ಗತಿ.

ಹೀಗಾಗಿ ಆಯೋಗದ ಮುಂದೆ ಗ್ರಾಹಕನ ಕೈಯಲ್ಲಿ ಉಳಿಯುವ ದೊಡ್ಡ ಆಧಾರ ಜಾಬ್ ಕಾರ್ಡ್. ವಾಹನ ಒಳಗೆ ಹೋದ ದಿನಾಂಕ, ಓಡಿದ ಕಿಲೋಮೀಟರ್, ಗ್ರಾಹಕ ಹೇಳಿದ ತೊಂದರೆ, ಮಾಡಿದ ಕೆಲಸ, ಹೊರಬಂದ ದಿನಾಂಕ – ಇಷ್ಟೂ ಅದರಲ್ಲಿರುತ್ತವೆ. ಆರು ತಿಂಗಳಲ್ಲಿ ಒಂದೇ ದೂರು ಐದು ಜಾಬ್ ಕಾರ್ಡುಗಳಲ್ಲಿ ದಾಖಲಾಗಿದ್ದರೆ ಅದಕ್ಕಿರುವ ತೂಕ ಬಾಯಿಮಾತಿಗೆ ಬರದು. ಆದರೆ ಬಹಳ ಸಲ ಸರ್ವೀಸ್ ಅಡ್ವೈಸರ್ ‘ಜನರಲ್ ಚೆಕಪ್’ ಎಂದು ಬರೆದುಕೊಳ್ಳುತ್ತಾನೆ, ಗ್ರಾಹಕ ಓದದೆ ಸಹಿ ಹಾಕುತ್ತಾನೆ. ಸದ್ಯಕ್ಕೆ ಇದು ಸಣ್ಣ ವಿಷಯವೆನಿಸಬಹುದು. ಎರಡು ವರ್ಷಗಳ ನಂತರ ಕಂಪನಿಯ ವಕೀಲರು ಅದೇ ಹಾಳೆಯನ್ನು ತೋರಿಸಿ, ಗ್ರಾಹಕ ಅಂದು ದೂರನ್ನೇ ಹೇಳಿಲ್ಲ ಎನ್ನುತ್ತಾರೆ. ‘ನಾಲ್ಕನೇ ಗೇರಿನಲ್ಲಿ 60 ಕಿ.ಮೀ. ವೇಗದಲ್ಲಿ ಎಂಜಿನ್ ತಾನಾಗಿ ಆಫ್ ಆಗುತ್ತದೆ, ಇದು ಮೂರನೇ ಬಾರಿ’ ಎಂಬಂತೆ ತನ್ನ ಮಾತಿನಲ್ಲೇ ಬರೆಯಿಸಿ ಪ್ರತಿ ಪಡೆಯುವುದು ಗ್ರಾಹಕನ ಹಕ್ಕು. ‘ದೋಷ ಕಂಡುಬಂದಿಲ್ಲ’ ಎಂದು ಬರೆದು ಹಿಂದಿರುಗಿಸಿದರೆ ಆ ಹಾಳೆಯನ್ನೂ ಜೋಪಾನ ಮಾಡಬೇಕು. ವಾಹನ ನಿಂತ ಕ್ಷಣದ ಮೊಬೈಲ್ ವಿಡಿಯೊ, ಎಳೆದೊಯ್ದ ವಾಹನದ ರಸೀದಿ ಇವೂ ನೆರವಾಗುತ್ತವೆ. ಈ ಅವಧಿಯಲ್ಲಿ ಹೊರಗಿನ ಗ್ಯಾರೇಜಿನಲ್ಲಿ ಬಿಚ್ಚಿಸುವುದು, ನಿಗದಿತ ಸರ್ವೀಸ್ ತಪ್ಪಿಸುವುದು ಎರಡೂ ವಾರಂಟಿ ನಿರಾಕರಣೆಗೆ ನೆಪವಾಗುತ್ತವೆ.

ಎರಡು ಮೂರು ಬಾರಿ ವಿಫಲವಾದ ಮೇಲೆ ಷೋರೂಮಿನೊಂದಿಗೆ ವಾದಿಸುತ್ತ ಕೂರುವುದರಲ್ಲಿ ಅರ್ಥವಿಲ್ಲ. ತಯಾರಕ ಸಂಸ್ಥೆಗೇ ಇ–ಮೇಲ್ ಹಾಗೂ ನೋಂದಾಯಿತ ಅಂಚೆಯಲ್ಲಿ ಬರೆದು, ಅದರ ತಾಂತ್ರಿಕ ಎಂಜಿನಿಯರನ್ನು ಕಳುಹಿಸುವಂತೆ ಕೇಳಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೂ ದೂರು ನೀಡಬಹುದು. ಅದು ಆದೇಶ ಹೊರಡಿಸುವ ಸಂಸ್ಥೆಯಲ್ಲ, ಆದರೆ ಕಂಪನಿಯ ಕೇಂದ್ರ ಕಚೇರಿಗೆ ವಿಷಯ ಮುಟ್ಟುತ್ತದೆ, ದಿನಾಂಕ ಸಹಿತ ದಾಖಲೆ ಉಳಿಯುತ್ತದೆ.

<b>ರಾಮಕೃಷ್ಣನಗರದಿಂದ ಕೂಗಳತೆಯಲ್ಲಿ</b>

ಮೈಸೂರಿನ ರಾಮಕೃಷ್ಣನಗರದ ನಿವಾಸಿಯೊಬ್ಬರು ಬೆಂಗಳೂರಿನ ಷೋರೂಮಿನಲ್ಲಿ ಕಾರು ಕೊಂಡರೆನ್ನಿ. ಕಂಪನಿಯ ಕಚೇರಿ ಪುಣೆಯಲ್ಲೋ ಗುರುಗ್ರಾಮದಲ್ಲೋ ಇದೆ. ಹಳೆಯ ಕಾಯಿದೆಯಡಿ, ಎದುರು ಪಕ್ಷದವರ ಕಚೇರಿ ಇರುವ ಅಥವಾ ವ್ಯಾಜ್ಯಕ್ಕೆ ಕಾರಣ ಹುಟ್ಟಿದ ಊರಿನಲ್ಲಿ ದೂರು ಸಲ್ಲಿಸಬೇಕಿತ್ತು. 2019ರ ಕಾಯಿದೆ ಇದನ್ನು ಬದಲಿಸಿತು. ದೂರುದಾರ ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೇ ದೂರು ಹೂಡಬಹುದು. ಮೈಸೂರು ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ ವರ್ಷಗಳ ಕಾಲ ಕಲಾಪ ನಡೆಸಿದ್ದು ರಾಮಕೃಷ್ಣನಗರದ ನೆರೆಯ ಕುವೆಂಪುನಗರದ ಅನಿಕೇತನ ರಸ್ತೆಯಲ್ಲಿ. ಅಂದರೆ ಪುಣೆಯ ಕಂಪನಿಯೇ ಇಲ್ಲಿಗೆ ವಕೀಲರನ್ನು ಕಳುಹಿಸಬೇಕು. ಹೊಸ ಕಾಯಿದೆಯ ಅತ್ಯಂತ ಉಪಯುಕ್ತ ಬದಲಾವಣೆ ಇದೇ ಎಂದರೂ ತಪ್ಪಿಲ್ಲ.

2021ರ ಡಿಸೆಂಬರ್‌ನಲ್ಲಿ ಹೊರಬಿದ್ದ ನಿಯಮದಂತೆ, ವಾಹನಕ್ಕೆ ಪಾವತಿಸಿದ ಮೊತ್ತ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗ. ಎರಡು ಕೋಟಿವರೆಗೆ ಬೆಂಗಳೂರಿನ ರಾಜ್ಯ ಆಯೋಗ. ಅದಕ್ಕೂ ಮೀರಿದರೆ ದೆಹಲಿ. ಐದು ಲಕ್ಷದವರೆಗಿನ ವಾಹನಕ್ಕೆ ದೂರಿನ ಶುಲ್ಕವೇ ಇಲ್ಲ. ಹತ್ತು ಲಕ್ಷದವರೆಗೆ 200, ಇಪ್ಪತ್ತು ಲಕ್ಷದವರೆಗೆ 400, ಐವತ್ತು ಲಕ್ಷದವರೆಗೆ 1,000 ರೂಪಾಯಿ. ವಕೀಲರಿಲ್ಲದೆ ತಾನೇ ವಾದಿಸಬಹುದು. 2025ರ ಜನವರಿಯಲ್ಲಿ ಆರಂಭವಾದ ಇ–ಜಾಗೃತಿ ತಾಣದಲ್ಲಿ ಮನೆಯಿಂದಲೇ ಸಲ್ಲಿಸುವ ಸೌಲಭ್ಯವೂ ಇದೆ. ವ್ಯಾಜ್ಯಕ್ಕೆ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ದೂರು ದಾಖಲಾಗಬೇಕು. ‘ಮುಂದಿನ ವಾರ ನೋಡೋಣ’ ಎಂಬ ಭರವಸೆಗಳಲ್ಲೇ ಈ ಅವಧಿ ಸವೆದುಹೋಗುವುದುಂಟು.

ಎದುರು ಪಕ್ಷ ನೋಟಿಸ್ ತಲುಪಿದ 30 ದಿನಗಳಲ್ಲಿ, ಹೆಚ್ಚೆಂದರೆ ಇನ್ನೂ 15 ದಿನಗಳಲ್ಲಿ ಉತ್ತರ ಸಲ್ಲಿಸಬೇಕು. ಆ ಗಡುವು ದಾಟಿ ಅವಕಾಶ ನೀಡುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚ್‌ನಲ್ಲಿ ಹೇಳಿದೆ. ಪ್ರಕರಣ ಮೂರು ತಿಂಗಳಲ್ಲಿ, ವಸ್ತುವಿನ ಪರೀಕ್ಷೆ ಬೇಕಿದ್ದರೆ ಐದು ತಿಂಗಳಲ್ಲಿ ಮುಗಿಯಬೇಕೆಂಬುದು ಕಾಯಿದೆಯ ಆಶಯ. ವಾಸ್ತವ ಬೇರೆ. ಮರ್ಸಿಡಿಸ್ ಕಾರೊಂದರ ಒಳಗಿನ ಮಧ್ಯಭಾಗ ಅತಿಯಾಗಿ ಕಾಯುತ್ತದೆ ಎಂಬ ದೂರಿನ ಮೇಲೆ ರಾಷ್ಟ್ರೀಯ ಆಯೋಗ 2007ರಲ್ಲಿ ಗ್ರಾಹಕರ ಪರ ಆದೇಶ ನೀಡಿತ್ತು. ಸುಪ್ರೀಂ ಕೋರ್ಟಿನಲ್ಲಿ ಅದು ಇತ್ಯರ್ಥವಾದದ್ದು 2024ರ ಜುಲೈನಲ್ಲಿ.

<b>ಪರಿಣತರ ವರದಿ ಯಾರ ಹೊಣೆ?</b>

ಕಣ್ಣಿಗೆ ಕಾಣದ ದೋಷವಾದರೆ ವಾಹನವನ್ನು ಸೂಕ್ತ ಪ್ರಯೋಗಾಲಯಕ್ಕೆ ಕಳುಹಿಸಿ ವರದಿ ತರಿಸಲು ಕಾಯಿದೆಯ 38ನೇ ಕಲಂ ಆಯೋಗಕ್ಕೆ ಅಧಿಕಾರ ನೀಡುತ್ತದೆ. ಅದರ ಶುಲ್ಕವನ್ನು ಸಾಮಾನ್ಯವಾಗಿ ದೂರುದಾರನೇ ಮೊದಲು ಕಟ್ಟಬೇಕು. ಈ ಅರ್ಜಿಯನ್ನೇ ಹಾಕದೆ ಸೋತ ದೂರುಗಳು ಕಡಿಮೆಯೇನಲ್ಲ. ದೋಷವಿದೆ ಎಂದು ಹೇಳುವವನೇ ಅದನ್ನು ರುಜುವಾತುಪಡಿಸಬೇಕು ಎಂಬ ತತ್ವ ಅಲ್ಲಿ ಅಡ್ಡ ಬರುತ್ತದೆ. ಅಷ್ಟರಲ್ಲಿ ವಾಹನ 40 ಸಾವಿರ ಕಿಲೋಮೀಟರ್ ಓಡಿದ್ದರೆ ‘ದೋಷವಿದ್ದ ವಾಹನ ಇಷ್ಟು ಓಡುತ್ತದೆಯೇ’ ಎಂಬ ಪ್ರಶ್ನೆಯೂ ಏಳುತ್ತದೆ. ಬೇರೆ ವಾಹನ ಕೊಳ್ಳಲಾಗದವನು ಅದನ್ನೇ ಓಡಿಸದೆ ಏನು ಮಾಡಿಯಾನು ಎಂಬುದನ್ನು ಕಂಪನಿಯವರು ಕೇಳುವುದಿಲ್ಲ.

ಎಲ್ಲ ಪ್ರಕರಣಕ್ಕೂ ಪರಿಣತರು ಬೇಕೆಂದೇನೂ ಇಲ್ಲ. ಅಪಘಾತದಲ್ಲಿ ಏರ್‌ಬ್ಯಾಗ್ ತೆರೆದುಕೊಳ್ಳದ ಹುಂಡೈ ಕ್ರೆಟಾ ಪ್ರಕರಣದಲ್ಲಿ, ಡಿಕ್ಕಿಯ ವೇಗ, ಬಲಗಳ ಲೆಕ್ಕ ಹಾಕಲು ಗ್ರಾಹಕ ಭೌತವಿಜ್ಞಾನದ ಪಂಡಿತನಾಗಿರಬೇಕಿಲ್ಲ ಎಂಬ ನಿಲುವನ್ನು ಸುಪ್ರೀಂ ಕೋರ್ಟ್ 2022ರಲ್ಲಿ ತಳೆಯಿತು. ವಾಹನ ಬದಲಿಸುವ ಆದೇಶವನ್ನು ಎತ್ತಿಹಿಡಿಯಿತು.

ದೂರಿನಲ್ಲಿ ಡೀಲರ್ ಮತ್ತು ತಯಾರಕ ಸಂಸ್ಥೆ ಇಬ್ಬರನ್ನೂ ಪ್ರತಿವಾದಿಗಳನ್ನಾಗಿಸುವುದು ಕ್ಷೇಮ. ಇಬ್ಬರ ಹೊಣೆ ಬೇರೆ ಬೇರೆ. 2009ರ ಕಾರನ್ನು 2011ರದೆಂದು ಮಾರಿದ ಗೋವಾದ ಪ್ರಕರಣದಲ್ಲಿ, ಡೀಲರ್ ಮಾಡಿದ ಮೋಸ ಗೊತ್ತಿರದ ಟಾಟಾ ಮೋಟಾರ್ಸ್ ಅದಕ್ಕೆ ಹೊಣೆಯಲ್ಲ ಎಂದು 2021ರಲ್ಲಿ ತೀರ್ಪಾಯಿತು. ವಾಹನ ಪಡೆಯುವಾಗಲೇ ನಮೂನೆ 21ರ ಮಾರಾಟ ಪ್ರಮಾಣಪತ್ರದಲ್ಲಿ ತಯಾರಿಕೆಯ ತಿಂಗಳು, ವರ್ಷ ನೋಡಿಕೊಂಡರೆ ಇಂತಹ ತಂಟೆ ತಪ್ಪೀತು. ಟ್ಯಾಕ್ಸಿ, ಗೂಡ್ಸ್ ಆಟೊ ಇಟ್ಟುಕೊಂಡವರಿಗೆ ‘ನೀವು ಗ್ರಾಹಕರೇ ಅಲ್ಲ, ವ್ಯಾಪಾರಿಗಳು’ ಎಂಬ ಆಕ್ಷೇಪ ಎದುರಾಗುತ್ತದೆ. ಸ್ವಯಂ ಉದ್ಯೋಗದಿಂದ ಹೊಟ್ಟೆ ಹೊರೆಯಲೆಂದೇ ಕೊಂಡ ವಾಹನಕ್ಕೆ ಕಾಯಿದೆಯಲ್ಲೇ ವಿನಾಯಿತಿ ಇದೆ; ದೂರಿನ ಮೊದಲ ಪುಟದಲ್ಲೇ ಅದನ್ನು ಹೇಳಿಕೊಳ್ಳಬೇಕು.

ಸಿಟ್ಟಿನ ಭರದಲ್ಲಿ ಸಾಲದ ಕಂತು ನಿಲ್ಲಿಸುವವರಿದ್ದಾರೆ. ಬ್ಯಾಂಕಿಗೂ ಎಂಜಿನ್ನಿಗೂ ಸಂಬಂಧವಿಲ್ಲ. ಕಂತು ತಪ್ಪಿದರೆ ಬ್ಯಾಂಕು ವಾಹನವನ್ನೇ ವಶಪಡಿಸಿಕೊಳ್ಳಬಹುದು, ಆಗ ಪರೀಕ್ಷೆಗೆ ಕೊಡಲು ವಾಹನವೇ ಇರದು. ಕಟ್ಟಿದ ಬಡ್ಡಿಯನ್ನು ಪರಿಹಾರದ ಭಾಗವಾಗಿ ಕೇಳುವುದೇ ಸರಿಯಾದ ಕ್ರಮ.

ಜಿಲ್ಲಾ ಆಯೋಗದ ಆದೇಶದ ಮೇಲೆ 45 ದಿನಗಳಲ್ಲಿ ಮೇಲ್ಮನವಿ ಹೋಗಬಹುದು; ಕಂಪನಿ ಹೋಗುವುದಾದರೆ ಆದೇಶದ ಅರ್ಧ ಹಣವನ್ನು ಠೇವಣಿ ಇಡಬೇಕು. ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ, ಕನಿಷ್ಠ 25 ಸಾವಿರ ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಹಣ ಕೈಸೇರಿ ವಾಹನ ಮರಳಿಸುವ ದಿನ ಬಂದಾಗ ಬ್ಯಾಂಕಿನಿಂದ ಸಾಲ ತೀರಿದ ಪತ್ರ ಹಾಗೂ ನಮೂನೆ 35 ಪಡೆದು, ನಮೂನೆ 29 ಮತ್ತು 30ಕ್ಕೆ ಸಹಿ ಹಾಕಿ, ಆರ್‌ಟಿಒ ಕಚೇರಿಯಲ್ಲಿ ಒಡೆತನದ ವರ್ಗಾವಣೆ ಮುಗಿಸಿಕೊಳ್ಳಬೇಕು. ಇಲ್ಲದಿದ್ದರೆ ಆ ವಾಹನ ಮುಂದೆ ಸಿಗ್ನಲ್ ದಾಟಿದರೂ ದಂಡದ ನೋಟಿಸ್ ಬರುವುದು ಹಳೆಯ ಮಾಲೀಕನ ಮನೆಗೇ.