ಕೋಶಪೊರೆಯೊಳಗಿನ ವ್ಯವಸ್ಥೆ: ಪ್ರೊ. ಸತ್ಯಜಿತ್ ಮೇಯರ್ ಅವರ ಸಂಶೋಧನೆ



ವೈದ್ಯಕೀಯ ಕಾಲೇಜಿನಲ್ಲಿ ನಾವು ಕಲಿತ ಜೀವಕೋಶದ ಚಿತ್ರ ಸರಳವಾಗಿತ್ತು. ಕೋಶವನ್ನು ಸುತ್ತುವರಿದ ಪೊರೆಯೆಂದರೆ ಎಣ್ಣೆಯಂಥ ಮೇದಸ್ಸಿನ ಎರಡು ಪದರ. ಅದರಲ್ಲಿ ಪ್ರೋಟೀನುಗಳು ಕೆರೆಯ ಮೇಲಿನ ತೆಪ್ಪಗಳಂತೆ ತೇಲುತ್ತವೆ. ಇದು 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಮುಂದಿಟ್ಟ ಕಲ್ಪನೆ. ಆ ತೇಲಾಟದಲ್ಲಿ ಏನಾದರೂ ಕ್ರಮವಿದೆಯೆ, ಇದ್ದರೆ ಅದನ್ನು ಏರ್ಪಡಿಸುವವರಾರು? ಈ ಪ್ರಶ್ನೆಗೆ ತಮ್ಮ ವೃತ್ತಿಜೀವನವನ್ನು ಮುಡಿಪಾಗಿಟ್ಟವರು, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು 1995ರಲ್ಲಿ ಸೇರಿ ಮುಂದೆ ಅದರ ನಿರ್ದೇಶಕರೂ ಆದ ಪ್ರೊ. ಸತ್ಯಜಿತ್ ಮೇಯರ್.

ಮೇಯರ್ ವೈದ್ಯರಲ್ಲ. ಮುಂಬಯಿಯ ಐ.ಐ.ಟಿ.ಯಲ್ಲಿ ರಸಾಯನವಿಜ್ಞಾನ ಓದಿದವರು. (ಜೀವಶಾಸ್ತ್ರಕ್ಕೆ ಎಂ.ಬಿ.ಬಿ.ಎಸ್. ಒಂದೇ ದಾರಿಯೆಂದು ನಂಬಿರುವ ಖಮೀಸ್ ಮುಶೈತಿನ ನಮ್ಮ ತಂದೆತಾಯಿಗಳು ಇದನ್ನು ಗಮನಿಸಬಹುದು.) ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾನಿಲಯದಲ್ಲಿ ಅವರು ನಿದ್ರಾರೋಗದ ಪರಾವಲಂಬಿಯಾದ ಟ್ರಿಪನೊಸೋಮ್ ಅನ್ನು ಅಭ್ಯಸಿಸಿದರು. ಅದರ ಮೈಮೇಲಿನ ಪ್ರೋಟೀನುಗಳನ್ನು ಪೊರೆಗೆ ಬಿಗಿಯುವ, ಸಕ್ಕರೆ ಮತ್ತು ಮೇದಸ್ಸಿನಿಂದಾದ ಜಿ.ಪಿ.ಐ. ಎಂಬ ಲಂಗರೇ ಅವರ ವಿಷಯ.

ಈ ಲಂಗರು ನಮ್ಮ ದೇಹದಲ್ಲೂ ಇದೆ. ಮೂಳೆಮಜ್ಜೆಯ ಆಕರಕೋಶದಲ್ಲಿ ಒಂದು ಜೀನ್ ಕೆಟ್ಟು ಲಂಗರು ತಯಾರಾಗದಿದ್ದರೆ, ಕೆಂಪು ರಕ್ತಕಣಗಳು ತಮ್ಮ ರಕ್ಷಕ ಪ್ರೋಟೀನುಗಳನ್ನು ಕಳೆದುಕೊಂಡು ಒಡೆಯುತ್ತವೆ. ಬೆಳಗಿನ ಮೂತ್ರ ಕಪ್ಪುಗೆಂಪಾಗುವ ಅಪರೂಪದ ರೋಗವದು. ಗರ್ಭಿಣಿಯರಿಗೆ ನಾವು ಬರೆದುಕೊಡುವ ಫೋಲಿಕ್ ಆಮ್ಲವನ್ನು ಹಿಡಿದುಕೊಳ್ಳುವ ಒಂದು ಗ್ರಾಹಕವೂ ಇದೇ ಲಂಗರಿನ ಮೇಲೆ ನಿಂತಿದೆ. ಬೆಂಗಳೂರಿನಲ್ಲಿ ಮೇಯರ್ ಮತ್ತು ಅವರ ಶಿಷ್ಯರು ಮೊದಲು ಹಿಂಬಾಲಿಸಿದ್ದು ಈ ಗ್ರಾಹಕವನ್ನು. ಅದು ಪೊರೆಯಲ್ಲಿ ಅತಿಸಣ್ಣ ಗುಂಪುಗಳಾಗಿ ಇರುತ್ತದೆಂದು 1998ರಲ್ಲಿ ಪ್ರಕಟಿಸಿದರು.

ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಸುಮಾರು 200 ನ್ಯಾನೊಮೀಟರಿಗಿಂತ ಚಿಕ್ಕದು ಬಿಡಿಬಿಡಿಯಾಗಿ ಕಾಣದು. ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ನ್ಯಾನೊಮೀಟರು. ಆದ್ದರಿಂದ ಅವರು ಬೆಳಕಿನ ಒಂದು ಗುಣವನ್ನು ಬಳಸಿಕೊಂಡರು. ಹೊಳೆಯುವ ಬಣ್ಣ ಕಟ್ಟಿದ ಎರಡು ಅಣುಗಳು ಸುಮಾರು 5 ನ್ಯಾನೊಮೀಟರಿನಷ್ಟು ಸಮೀಪಿಸಿದರೆ, ಒಂದು ತಾನು ಹೀರಿದ ಶಕ್ತಿಯನ್ನು ಮತ್ತೊಂದಕ್ಕೆ ದಾಟಿಸುತ್ತದೆ; ಹೊರಬರುವ ಬೆಳಕಿನ ಕಂಪನದ ದಿಕ್ಕು ಚದುರುತ್ತದೆ. ಆ ಚದುರುವಿಕೆಯನ್ನು ಅಳೆದಾಗ, ಈ ಪ್ರೋಟೀನುಗಳ ಶೇಕಡಾ 20ರಿಂದ 40ರಷ್ಟು ಭಾಗ ನಾಲ್ಕಕ್ಕೆ ಮೀರದ ಗುಂಪುಗಳಲ್ಲಿದೆಯೆಂದು 2004ರಲ್ಲಿ ತಿಳಿಯಿತು.

ನಿಜವಾದ ಅಚ್ಚರಿ ಇರುವುದು ಮುಂದೆ. ಸಾರಿಗೆ ಒಗ್ಗರಣೆಯ ಎಣ್ಣೆ ಹೆಚ್ಚು ಬಿದ್ದಷ್ಟೂ ತೇಲುವ ಹನಿಗಳು ಕೂಡಿಕೊಂಡು ಹಿಗ್ಗುತ್ತವೆ. ಇಲ್ಲಿ ಹಾಗಾಗಲಿಲ್ಲ. ಪ್ರೋಟೀನು ಹೆಚ್ಚಿದರೂ ತಗ್ಗಿದರೂ ಒಂಟಿಗಳ ಮತ್ತು ಗುಂಪುಗಳ ಅನುಪಾತ ಬದಲಾಗಲಿಲ್ಲ! ತಾನಾಗಿ ಸಮಸ್ಥಿತಿಗೆ ಬಂದ ದ್ರವ ಹೀಗೆ ವರ್ತಿಸದು. ಯಾವುದೋ ಕೈ ಅಲ್ಲಿ ಸತತವಾಗಿ ದುಡಿಯುತ್ತಿರಬೇಕು.

ಆ ಕೈಯನ್ನು ಹುಡುಕಲು ಭೌತವಿಜ್ಞಾನಿ ಮದನ್ ರಾವ್ ಜೊತೆಗೂಡಿದರು. ಪೊರೆಯ ಅಡಿಯಲ್ಲಿ ಆಕ್ಟಿನ್ ಎಂಬ ಎಳೆಗಳ ಜಾಲವಿದೆ. ಮಯೋಸಿನ್ ಪ್ರೋಟೀನು ಶಕ್ತಿ ವ್ಯಯಿಸಿ ಅದನ್ನು ಎಳೆಯುತ್ತದೆ, ನಮ್ಮ ಸ್ನಾಯುಗಳಲ್ಲಿ ಎಳೆಯುವಂತೆಯೇ. ಈ ಎಳೆತವೇ ಮೇಲಿನ ಗುಂಪುಗಳನ್ನು ಕಟ್ಟುತ್ತದೆ, ಕೆಡವುತ್ತದೆ ಎಂದು 2008 ಮತ್ತು 2012ರ ಪ್ರಬಂಧಗಳು ತೋರಿಸಿದವು. ಪೊರೆಯ ಕ್ರಮಕ್ಕೆ ಜೀವಕೋಶ ಬೆಲೆ ತೆರುತ್ತಿದೆ.

ಏಕೆ ತೆರಬೇಕು? 2019ರಲ್ಲಿ ಅದೇ ಪ್ರಯೋಗಾಲಯ, ಗುಂಪು ಕಟ್ಟಲಾಗದಂತೆ ಮಾಡಿದ ಕೋಶಗಳು ಆಧಾರಕ್ಕೆ ಅಂಟಿಕೊಂಡು ಸರಿಯಾಗಿ ಹರಡಲಾರವೆಂದು ಕಂಡಿತು. ಗಾಯ ಮಾಯುವಾಗ ಚರ್ಮದ ಕೋಶಗಳು ಮಾಡಬೇಕಾದ ಕೆಲಸವೂ ಅದೇ.