ಕರೆಂಟ್ ಹೋದ ಕೂಡಲೇ ಲ್ಯಾಪ್‌ಟಾಪ್ ಆಫ್ ಆಗ್ತಿದೆಯಾ? ಮನೆಯಲ್ಲೇ ಬ್ಯಾಟರಿ ಬದಲಿಸೋದು ಹೇಗೆ? ಯಾವಾಗ ಕೈ ಹಾಕಬಾರದು?

ಶಿವಮೊಗ್ಗ: ಮಳೆಗಾಲ ಶುರುವಾದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಕರೆಂಟ್ ಯಾವಾಗ ಹೋಗುತ್ತೆ, ಯಾವಾಗ ಬರುತ್ತೆ ಹೇಳೋಕಾಗಲ್ಲ. ಲೈನ್ ಮೇಲೆ ಮರ ಬಿದ್ದರೆ ಮುಗೀತು. ಆನ್‌ಲೈನ್ ಅರ್ಜಿ ತುಂಬುತ್ತಾ ಕೂತಿರ್ತೀರಿ, ಇನ್ನೇನು ಕೊನೇ ಪುಟ, ಪಟ್ ಅಂತ ಸ್ಕ್ರೀನ್ ಕಪ್ಪು. ನಾಲ್ಕೈದು ವರ್ಷ ಹಳೆಯ ಎಷ್ಟೋ ಲ್ಯಾಪ್‌ಟಾಪ್‌ಗಳ ಕಥೆ ಇದೇ.

ಹೊಸದು ಕೊಳ್ಳೋ ಮೊದಲು ಬ್ಯಾಟರಿ ಒಂದನ್ನೇ ಬದಲಿಸಿ ನೋಡಬಹುದು. ಬಹಳಷ್ಟು ಮಾಡೆಲ್‌ಗಳಲ್ಲಿ ಇದು ಅರ್ಧ ಗಂಟೆಯ ಕೆಲಸ. ಆದರೆ ಒಂದು ಸಂದರ್ಭದಲ್ಲಿ ಮಾತ್ರ ಮನೆಯಲ್ಲಿ ಕೈ ಹಾಕಲೇಬಾರದು. ಅದನ್ನೇ ಮೊದಲು ನೋಡೋಣ.

ಬ್ಯಾಟರಿ ಊದಿಕೊಂಡಿದೆಯಾ?

ಲ್ಯಾಪ್‌ಟಾಪನ್ನು ಸಮತಟ್ಟಾದ ಟೇಬಲ್ ಮೇಲಿಡಿ. ಅಲುಗಾಡುತ್ತಾ? ಟಚ್‌ಪ್ಯಾಡ್ ಉಬ್ಬಿ ಕ್ಲಿಕ್ ಬೀಳ್ತಿಲ್ವಾ? ಮುಚ್ಚಿದರೆ ಸರಿಯಾಗಿ ಕೂರ್ತಿಲ್ವಾ? ಹಾಗಿದ್ದರೆ ಒಳಗೆ ಬ್ಯಾಟರಿ ಊದಿರುವ ಸಾಧ್ಯತೆ ಹೆಚ್ಚು. ಲಿಥಿಯಂ ಸೆಲ್ ಹಾಳಾಗ್ತಾ ಬಂದಾಗ ಒಳಗಿನ ರಾಸಾಯನಿಕ ಒಡೆದು ಗ್ಯಾಸ್ ಆಗುತ್ತೆ. ಸೀಲ್ ಮಾಡಿದ ಚೀಲದಿಂದ ಅದು ಹೊರಹೋಗೋಕೆ ದಾರಿ ಇಲ್ಲ. ಅಂಥದ್ದನ್ನು ಮೀಟಿದರೆ, ಬಾಗಿಸಿದರೆ ಒಳಗೇ ಶಾರ್ಟ್ ಆಗಿ ಬೆಂಕಿ ಹತ್ತಬಹುದು. ಅದರ ಹೊಗೆಯೂ ವಿಷ.

ಚಾರ್ಜರ್ ಕಿತ್ತು, ಆಫ್ ಮಾಡಿ, ಹಾಸಿಗೆ, ಪೇಪರ್, ಬಟ್ಟೆಯಿಂದ ದೂರ ಇಡಿ. ಮತ್ತೆ ಚಾರ್ಜ್‌ಗೆ ಹಾಕಬೇಡಿ, ಸರ್ವೀಸ್ ಸೆಂಟರ್‌ನವರ ಕೈಗೆ ಕೊಡಿ. ‘ಗಾಳಿ ಬಿಟ್ಟರೆ ಸರಿಹೋಗುತ್ತೆ’ ಅಂತ ಪಿನ್ ಚುಚ್ಚುವ ಸಾಹಸ ಖಂಡಿತ ಬೇಡ.

ನಿಜವಾಗಿಯೂ ಬ್ಯಾಟರಿಯೇ ಹೋಗಿದೆಯಾ?

ಊದಿಲ್ಲ, ಆದರೆ ನಿಲ್ತಾ ಇಲ್ಲ ಅಂದರೆ ಒಂದು ಪರೀಕ್ಷೆ ಇದೆ. ವಿಂಡೋಸ್ ಸರ್ಚ್‌ನಲ್ಲಿ ಸಿ-ಎಂ-ಡಿ ಟೈಪ್ ಮಾಡಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಅಲ್ಲಿ ಇಂಗ್ಲಿಷ್‌ನಲ್ಲಿ ‘ಪವರ್’ ಪದ, ಅದಕ್ಕೆ ಅಂಟಿಕೊಂಡೇ ಸಿ-ಎಫ್-ಜಿ, ಒಂದು ಸ್ಪೇಸ್, ಒಂದು ಸ್ಲ್ಯಾಶ್, ಆಮೇಲೆ ‘ಬ್ಯಾಟರಿ’ ಮತ್ತು ‘ರಿಪೋರ್ಟ್’ ಪದಗಳನ್ನು ಜಾಗ ಬಿಡದೆ ಹೊಡೆದು ಎಂಟರ್ ಒತ್ತಿ. ರಿಪೋರ್ಟ್ ಯಾವ ಫೋಲ್ಡರ್‌ನಲ್ಲಿ ಸೇವ್ ಆಯ್ತು ಅಂತ ಅದೇ ಹೇಳುತ್ತೆ. ಅದರಲ್ಲಿ ‘ಡಿಸೈನ್ ಕೆಪಾಸಿಟಿ’ ಮತ್ತು ‘ಫುಲ್ ಚಾರ್ಜ್ ಕೆಪಾಸಿಟಿ’ ಎಂಬ ಎರಡು ಸಂಖ್ಯೆ ನೋಡಿ. ಮೊದಲನೆಯದು 41,000 ಇದ್ದು ಎರಡನೆಯದು 16,000ಕ್ಕೆ ಇಳಿದಿದ್ದರೆ ಬ್ಯಾಟರಿ ಶೇ 40ಕ್ಕಿಂತ ಕಡಿಮೆ ಉಳಿದಿದೆ ಅಂತ ಅರ್ಥ. ಬದಲಿಸೋ ಕಾಲ ಬಂತು.

ಎರಡೂ ಸಂಖ್ಯೆ ಹತ್ತಿರ ಹತ್ತಿರ ಇದ್ದೂ ಚಾರ್ಜ್ ಏರ್ತಿಲ್ಲ ಅಂದರೆ ಅಡಾಪ್ಟರ್ ಅಥವಾ ಚಾರ್ಜಿಂಗ್ ಪಿನ್ ಮೇಲೆ ಅನುಮಾನ ಪಡಿ. ಸುಮ್ಮನೆ ಬ್ಯಾಟರಿಗೆ ದುಡ್ಡು ಸುರಿಯಬೇಡಿ.

ಕೊಳ್ಳುವಾಗ ಎಡವೋದು ಇಲ್ಲೇ

ಲ್ಯಾಪ್‌ಟಾಪ್ ಹೆಸರು ಹೇಳಿ ಬ್ಯಾಟರಿ ತರಿಸಬೇಡಿ. ಈ ತಪ್ಪು ನಾನೂ ಮಾಡಿದ್ದೇನೆ. ಮಾಡೆಲ್ ಅದೇ, ಬಂದ ಬ್ಯಾಟರಿಯ ಕನೆಕ್ಟರ್ ಬೇರೆ! ವಾಪಸ್ ಕಳಿಸೋಕೆ ಎರಡು ವಾರ ಓಡಾಡಿದ್ದಾಯ್ತು. ಒಂದೇ ಮಾಡೆಲ್‌ನಲ್ಲಿ ಎರಡು ಮೂರು ಬಗೆಯ ಬ್ಯಾಟರಿ ಬರೋದು ಸಾಮಾನ್ಯ. ಹಾಗಾಗಿ ಮೊದಲು ಹಿಂಬದಿ ಬಿಚ್ಚಿ, ಹಳೇ ಬ್ಯಾಟರಿ ಮೇಲಿನ ಪಾರ್ಟ್ ನಂಬರ್, ವೋಲ್ಟ್, ವ್ಯಾಟ್ ಅವರ್ ಫೋಟೊ ತೆಗೆದುಕೊಳ್ಳಿ. ಪಾರ್ಟ್ ನಂಬರ್, ವೋಲ್ಟ್ ತಾಳೆಯಾಗಲೇಬೇಕು. ಆಕಾರವೂ ಕೂರಬೇಕು. ವ್ಯಾಟ್ ಅವರ್ ಸ್ವಲ್ಪ ಹೆಚ್ಚಿದ್ದರೆ ತೊಂದರೆಯಿಲ್ಲ.

ಭಾರತದಲ್ಲಿ ಮಾರುವ ಇಂಥ ಬ್ಯಾಟರಿಗಳಿಗೆ ಬಿಐಎಸ್ ನೋಂದಣಿ ಕಡ್ಡಾಯ. ಲೇಬಲ್ ಮೇಲೆ ಐಎಸ್ 16046 ಎಂಬ ಗುರುತು, ಜೊತೆಗೆ ‘ಆರ್’ ಅಕ್ಷರದಿಂದ ಶುರುವಾಗುವ ನಂಬರ್ ಇದೆಯಾ ನೋಡಿ. ಅದೇ ಸೈಜಿನ ಬ್ಯಾಟರಿ ಅರ್ಧ ಬೆಲೆಗೆ, ದುಪ್ಪಟ್ಟು ಕೆಪಾಸಿಟಿ ಅಂತ ಬರೆದು ಮಾರುತ್ತಿದ್ದರೆ ನಂಬಬೇಡಿ. ಬಿಲ್, ವಾರಂಟಿ ಕೇಳಿ ಪಡೆಯಿರಿ.

ಬಿಚ್ಚೋದು, ಕೂರಿಸೋದು

ಹಳೇ ಮಾಡೆಲ್‌ಗಳಲ್ಲಿ ಹಿಂಬದಿಯ ಎರಡು ಲಾಕ್ ಸರಿಸಿದರೆ ಬ್ಯಾಟರಿ ಕೈಗೆ ಬರುತ್ತೆ, ಅಲ್ಲಿಗೆ ಕೆಲಸ ಮುಗೀತು. ಹೊಸ ಮಾಡೆಲ್‌ಗಳಲ್ಲಿ ಹಿಂಬದಿ ಪೂರ್ತಿ ಬಿಚ್ಚಬೇಕು. ಮೊದಲು ಡೇಟಾ ಬ್ಯಾಕಪ್ ಮಾಡಿ. ಚಾರ್ಜ್ ಶೇ 25ಕ್ಕಿಂತ ಕೆಳಗೆ ಇಳಿಸಿ. ಸ್ಲೀಪ್ ಅಲ್ಲ, ಪೂರ್ತಿ ಶಟ್‌ಡೌನ್ ಮಾಡಿ, ಅಡಾಪ್ಟರ್ ಕೀಳಿ.

ಸಣ್ಣ ಸ್ಟಾರ್ ಸ್ಕ್ರೂಡ್ರೈವರ್ ಸಾಕು. ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತೆ, ಉದ್ದನೆಯದನ್ನು ಗಿಡ್ಡ ತೂತಿಗೆ ತಿರುಗಿಸಿದರೆ ಒಳಗಿನ ಬೋರ್ಡ್‌ಗೇ ಪೆಟ್ಟು. ಬಿಳಿ ಹಾಳೆ ಮೇಲೆ ಲ್ಯಾಪ್‌ಟಾಪ್ ಚಿತ್ರ ಬರೆದು, ಬಿಚ್ಚಿದ ಸ್ಕ್ರೂವನ್ನು ಅದದೇ ಜಾಗದಲ್ಲಿಡಿ. ರಬ್ಬರ್ ಬುಶ್ ಕೆಳಗೂ ಒಂದೆರಡು ಅಡಗಿರಬಹುದು. ಕವರ್ ಎಬ್ಬಿಸೋಕೆ ಹಳೇ ಎಟಿಎಂ ಕಾರ್ಡ್ ಸಾಕು, ಚಾಕು ಬೇಡ. ಕವರ್ ಬರ್ತಿಲ್ಲ ಅಂದರೆ ಜಗ್ಗಬೇಡಿ, ಎಲ್ಲೋ ಒಂದು ಸ್ಕ್ರೂ ಉಳಿದಿದೆ.

ಒಳಗೆ ಕೈ ಹಾಕೋ ಮೊದಲು ಯಾವುದಾದರೂ ಕಬ್ಬಿಣದ ಕಿಟಕಿ ಸರಳು ಮುಟ್ಟಿ, ಮೈಯ ಸ್ಟ್ಯಾಟಿಕ್ ಇಳಿಯುತ್ತೆ. ಮೊದಲು ಬ್ಯಾಟರಿ ಕನೆಕ್ಟರ್ ಬಿಡಿಸಿ. ವೈರ್ ಹಿಡಿದು ಎಳೆಯಬೇಡಿ, ಪ್ಲಾಸ್ಟಿಕ್ ತುದಿ ಹಿಡಿದು ನಿಧಾನಕ್ಕೆ ಸರಿಸಿ. ಕೆಲವದರಲ್ಲಿ ಸಣ್ಣ ಲಾಕ್ ಇರುತ್ತೆ. ಬಿಡಿಸಿದ ಮೇಲೆ ಪವರ್ ಬಟನ್ 15 ಸೆಕೆಂಡ್ ಒತ್ತಿ ಹಿಡಿದು ಉಳಿದ ವಿದ್ಯುತ್ ಖಾಲಿ ಮಾಡಿ. ಆಮೇಲೆ ಹಳೆಯದರ ಸ್ಕ್ರೂ ತೆಗೆದು ಹೊಸದು ಕೂರಿಸಿ, ಕನೆಕ್ಟರ್ ಪೂರ್ತಿ ಒಳಗೆ ಹೋಗಿದೆಯಾ ನೋಡಿ ಮುಚ್ಚಿ. ಬ್ಯಾಟರಿ ಗಮ್‌ನಿಂದ ಅಂಟಿಸಿದ್ದರೆ ಮೀಟಿ ತೆಗೆಯೋದು ಬೇಡ. ಇತ್ತೀಚಿನ ಹಲವು ಮ್ಯಾಕ್‌ಬುಕ್‌ಗಳು ಹೀಗೇ ಇವೆ, ಅಂಗಡಿಯೇ ವಾಸಿ.

‘ಮೊದಲ ಸಲ ಎಂಟು ಗಂಟೆ ಚಾರ್ಜ್ ಹಾಕ್ಬೇಕು’ ಅನ್ನೋದು ಹಳೇ ಕಾಲದ ಮಾತು. ಒಮ್ಮೆ 100ಕ್ಕೆ ತುಂಬಿಸಿ, ಶೇ 10ರವರೆಗೆ ಬಳಸಿ, ಮತ್ತೆ ತುಂಬಿಸಿದರೆ ಮೀಟರ್ ಸರಿಯಾಗಿ ತೋರಿಸುತ್ತೆ. ಸದಾ ಚಾರ್ಜರ್‌ಗೆ ಹಾಕಿಯೇ ಬಳಸುವವರು ಕಂಪನಿಯ ಆ್ಯಪ್‌ನಲ್ಲಿ ಚಾರ್ಜ್ ಶೇ 80ಕ್ಕೆ ನಿಲ್ಲಿಸುವ ಆಯ್ಕೆ ಇದ್ದರೆ ಆನ್ ಮಾಡಿಕೊಳ್ಳಿ. ಪೂರ್ತಿ ತುಂಬಿದ ಸ್ಥಿತಿಯಲ್ಲಿ ಬಿಸಿಯಾಗಿ ಕೂತಿರೋದೇ ಬ್ಯಾಟರಿಗೆ ದೊಡ್ಡ ಶತ್ರು.

ಇನ್ನು ಹಳೇ ಬ್ಯಾಟರಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಇದನ್ನು ಮನೆ ಕಸದಿಂದ ಬೇರೆಯಾಗಿಯೇ ಕೊಡಬೇಕು. ಕಸದ ಗಾಡಿಯಲ್ಲಿ ಉಳಿದ ಕಸದ ಜೊತೆ ಒತ್ತಡಕ್ಕೆ ಸಿಕ್ಕರೆ ಗಾಡಿಗೇ ಬೆಂಕಿ ಬೀಳಬಹುದು, ಪಾಪ ಪೌರಕಾರ್ಮಿಕರ ಕೈ ಸುಡುತ್ತೆ. ಗುಜರಿಗೆ ಹಾಕಿದರೆ ಅಲ್ಲಿ ಸುತ್ತಿಗೆಯಲ್ಲಿ ಒಡೀತಾರೆ. ಕನೆಕ್ಟರ್ ಪಿನ್‌ಗಳ ಮೇಲೆ ಇನ್ಸುಲೇಷನ್ ಟೇಪ್ ಸುತ್ತಿ, ಹೊಸದು ಕೊಂಡ ಅಂಗಡಿಯಲ್ಲೋ, ಕಂಪನಿಯ ಸರ್ವೀಸ್ ಸೆಂಟರ್‌ನಲ್ಲೋ ವಾಪಸ್ ತಗೋತಾರಾ ಕೇಳಿ ಕೊಟ್ಟು ಬನ್ನಿ. ಅಲ್ಲಿವರೆಗೆ ಮಕ್ಕಳ ಕೈಗೆ ಸಿಗದ, ಬಿಸಿಲು ಬೀಳದ ಜಾಗದಲ್ಲಿರಲಿ.