ಸಾವಯವ: ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ?

ತಿಂಗಳ ಮೊದಲ ವಾರ. ಕಿರಾಣಿ ಚೀಟಿ ಬರೆಯಲು ಕೂತರೆ ಸಾಕು, ತಲೆಬಿಸಿ ಶುರು. ಸಂಬಳ ಅಷ್ಟೇ ಇದೆ, ರೇಟು ಮಾತ್ರ ಏರಿದೆ. ಅದರ ಮೇಲೆ ಟಿವಿಯಲ್ಲಿ, ಮೊಬೈಲಿನಲ್ಲಿ ‘ತರಕಾರಿಯಲ್ಲಿ ವಿಷ’ ಎಂಬ ಮಾತು. ಸಾವಯವ ತರೋಣ ಅಂದರೆ, ‘ಅಯ್ಯ, ಒಂದಕ್ಕೆರಡು ರೇಟ್ ಅದ ರೀ, ನಮಗೆಲ್ಲಿ ಪೂರೈಸ್ತದ?’ ಅನ್ನೋದು ಆದಿತ್ಯನಗರದ ಕ್ವಾರ್ಟರ್ಸ್‌ನಿಂದ ವಾಡಿ, ಶಹಾಬಾದ್‌ವರೆಗೆ ಎಲ್ಲ ಮನೆಗಳ ಮಾತು.

ಸಮಾಧಾನದ ಸಂಗತಿ ಏನೆಂದರೆ, ಎಲ್ಲವನ್ನೂ ಸಾವಯವವೇ ಕೊಳ್ಳಬೇಕಾಗಿಲ್ಲ. ಯಾವುದು ಅಗತ್ಯ, ಯಾವುದು ಬೇಡ ಅನ್ನೋದು ಗೊತ್ತಿದ್ದರೆ ಸಾಕು.

ಮೊದಲು ಹೊಟ್ಟೆ, ಆಮೇಲೆ ಲೇಬಲ್

ಸಾವಯವ ದುಬಾರಿ ಅಂತ ಅರ್ಧ ಕೆ.ಜಿ. ಪಲ್ಯದ ಬದಲು ಕಾಲು ಕೆ.ಜಿ. ತಂದರೆ ಅದು ಲಾಭವಲ್ಲ, ನಷ್ಟ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಸೊಪ್ಪು, ಕಾಳು, ಹಣ್ಣು ತಟ್ಟೆಯಲ್ಲಿ ಕಡಿಮೆಯಾಗಬಾರದು. ಸಾವಯವದಲ್ಲಿ ಕೀಟನಾಶಕದ ಅಂಶ ಕಡಿಮೆ ಇರುತ್ತದೆ, ನಿಜ. ಹಾಗಂತ ಸಾಮಾನ್ಯ ಸೊಪ್ಪಿನಲ್ಲಿ ಕಬ್ಬಿಣಾಂಶ ಇಲ್ಲ ಎಂದೇನಿಲ್ಲ.

ಇವಕ್ಕೆ ದುಡ್ಡು ಹಾಕಿ

ಔಷಧಿ ನೇರವಾಗಿ ಬೀಳುವ, ಸಿಪ್ಪೆ ತೆಗೆಯದೆ ತಿನ್ನುವ ಪದಾರ್ಥಗಳಿಗೆ ಮೊದಲ ಜಾಗ ಕೊಡಿ.

* ಕೋತಂಬರಿ, ಮೆಂತೆ, ಪಾಲಕ್, ಕರಿಬೇವು. ಭಾರತದ ಕರಿಬೇವಿನಲ್ಲಿ ಕೀಟನಾಶಕದ ಅಂಶ ಕಂಡು ಯುರೋಪ್ ಒಕ್ಕೂಟವೇ ಅದರ ತಪಾಸಣೆಯನ್ನು ಬಿಗಿ ಮಾಡಿತ್ತು.
* ಬೆಂಡಿಕಾಯಿ, ಹೂಕೋಸು, ಹಸಿಮೆಣಸಿನಕಾಯಿ, ಬದನಿಕಾಯಿ.
* ದ್ರಾಕ್ಷಿ, ಸೇಬು. ಮನೆಯಲ್ಲಿ ಸಣ್ಣ ಮಕ್ಕಳು, ಬಸುರಿ ಹೆಣ್ಣುಮಕ್ಕಳಿದ್ದರೆ ಇವುಗಳ ಕಡೆ ಹೆಚ್ಚು ಗಮನ ಇರಲಿ. ಮಕ್ಕಳ ಮೈತೂಕ ಕಡಿಮೆ, ಹೀಗಾಗಿ ಅಷ್ಟೇ ಅಂಶ ಅವರಿಗೆ ಹೆಚ್ಚಾಗುತ್ತದೆ.

ಇವಕ್ಕೆ ಬೇಡ

ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಾಳೆಹಣ್ಣು, ಪಪ್ಪಾಯಿ, ಕಲ್ಲಂಗಡಿ, ದಾಳಿಂಬೆ, ತೆಂಗಿನಕಾಯಿ. ಸಿಪ್ಪೆ ಸುಲಿದೇ ತಿನ್ನುವ ಇವುಗಳಿಗೆ ಎರಡು ಪಟ್ಟು ಹಣ ಕೊಡುವುದು ಬೇಡ. ಇನ್ನು ‘ಆರ್ಗಾನಿಕ್ ಉಪ್ಪು’ ಅಂತ ಯಾರಾದರೂ ಮಾರಿದರೆ ನಕ್ಕು ಮುಂದೆ ಹೋಗಿ. ಉಪ್ಪು ಹೊಲದಲ್ಲಿ ಬೆಳೆಯೋದಲ್ಲ!

ಬ್ಯಾಳಿ, ಜೋಳದ ಕಥೆ ಬೇರೆ

ನಮ್ಮ ಪುಣ್ಯಕ್ಕೆ ತೊಗರಿ, ಜೋಳ ಎರಡೂ ಮನೆ ಬಾಗಿಲಲ್ಲೇ ಬೆಳೆಯುತ್ತವೆ. ಕಲಬುರಗಿ ತೊಗರಿಬ್ಯಾಳಿಗೆ 2019ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆಯೂ ಸಿಕ್ಕಿದೆ. ತೊಗರಿಗೆ ಕಾಯಿಕೊರಕ ಹುಳದ ಕಾಟ ಜಾಸ್ತಿ, ಔಷಧಿ ಹೊಡೆಯುತ್ತಾರೆ. ಆದರೆ ಕಾಳು ಕಾಯಿಯ ಒಳಗೆ ಇರುತ್ತದೆ, ಮಿಲ್ಲಿನಲ್ಲಿ ಸಿಪ್ಪೆಯೂ ಹೋಗುತ್ತದೆ. ಹೀಗಾಗಿ ಸೊಪ್ಪಿಗೆ ಹೋಲಿಸಿದರೆ ಇದರ ಚಿಂತೆ ಕಡಿಮೆ. ಹಿಂಗಾರಿ ಬಿಳಿಜೋಳ ಎರೆಭೂಮಿಯ ತೇವದ ಮೇಲೇ ಬರುವ ಬೆಳೆ, ಔಷಧಿಯ ಅಗತ್ಯವೂ ಕಡಿಮೆ.

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಹೊಲ ಇರುವ ನೆಂಟರು, ಪರಿಚಯದವರು ಯಾರಿಗಿಲ್ಲ ಹೇಳಿ? ತೊಗರಿ, ಜೋಳದ ರಾಶಿಯಾಗುವ ಹೊತ್ತಿಗೆ ‘ಎಷ್ಟು ಸಲ ಎಣ್ಣಿ ಹೊಡದೀರಿ ಕಾಕಾ?’ ಅಂತ ಒಂದು ಮಾತು ಕೇಳಿ, ವರ್ಷದ ಕಾಳು ಅಲ್ಲೇ ತುಂಬಿಸಿಕೊಳ್ಳಿ. ನಾಲ್ಕು ಮನೆಯವರು ಕೂಡಿ ಚೀಲಗಟ್ಟಲೆ ತಂದು ಹಂಚಿಕೊಂಡರೆ ಗಾಡಿ ಬಾಡಿಗೆಯೂ ಉಳಿಯುತ್ತದೆ.

ಗುಳಿಗೆ ಹಾಕಬೇಡಿ!

ಶುದ್ಧ ಕಾಳು ತಂದು, ಹುಳ ಬೀಳಬಾರದೆಂದು ಅದರಲ್ಲಿ ವಿಷದ ಗುಳಿಗೆ ಇಟ್ಟರೆ ಏನು ಬಂತು? ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯಿಂದ ಬರುವ ಫಾಸ್ಫೀನ್ ಗಾಳಿ ಮುಚ್ಚಿದ ಕೋಣೆಯಲ್ಲಿ ಮಲಗಿದವರ ಜೀವವನ್ನೇ ತೆಗೆಯಬಲ್ಲದು. ಅದು ತಜ್ಞರ ಉಸ್ತುವಾರಿಯಲ್ಲಿ ಗೋದಾಮುಗಳಲ್ಲಿ ಬಳಸುವ ವಸ್ತು, ಮನೆಯದಲ್ಲ. ಕಾಳನ್ನು ಚೆನ್ನಾಗಿ ಬಿಸಿಲಿಗೆ ಒಣಗಿಸಿ, ಆರಿದ ಮೇಲೆ ಒಣಗಿದ ಬೇವಿನೆಲೆ ಹಾಕಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಅಜ್ಜಿ ಕಾಲದ ಉಪಾಯ, ಇವತ್ತಿಗೂ ನಡೆಯುತ್ತದೆ.

ಲೆಕ್ಕ ಹೀಗೆ ಹಾಕಿ

ಕೆ.ಜಿ. ರೇಟು ನೋಡಿ ಹೆದರಬೇಡಿ. ತಿಂಗಳಿಗೆ ಎಷ್ಟು ಬೇಕು ಅನ್ನೋದನ್ನು ಸೇರಿಸಿ ನೋಡಿ. ಉದಾಹರಣೆಗೆ, ಸಾವಯವ ಬ್ಯಾಳಿಗೆ ಕೆ.ಜಿ.ಗೆ 60 ರೂ. ಹೆಚ್ಚು ಎಂದಿಟ್ಟುಕೊಳ್ಳಿ. ತಿಂಗಳಿಗೆ 4 ಕೆ.ಜಿ. ಬೇಕಾದರೆ 240 ರೂ. ಹೆಚ್ಚುವರಿ ಖರ್ಚು. ಸೊಪ್ಪಿಗೆ ಕಟ್ಟಿಗೆ 5 ರೂ. ಹೆಚ್ಚು ಅಂದರೂ ತಿಂಗಳಿಗೆ 30 ಕಟ್ಟಿಗೆ 150 ರೂ. ಎರಡೂ ಆಗದಿದ್ದರೆ ಸೊಪ್ಪನ್ನೇ ಆರಿಸಿ.

ಖರ್ಚಿಲ್ಲದ ಸಾವಯವ ಬೇಕೆ? ಮನೆ ಹಿಂದೆ ಒಂದು ಕರಿಬೇವಿನ ಗಿಡ, ಹಳೆ ಬಕೆಟ್‌ನಲ್ಲಿ ಮೆಂತೆ, ಕೋತಂಬರಿ, ಸ್ವಲ್ಪ ಜಾಗ ಇದ್ದರೆ ಪುಂಡಿಪಲ್ಯ. ಔಷಧಿ ಹೆಚ್ಚು ಬೀಳುವ ಸೊಪ್ಪೇ ಮನೆಯಲ್ಲಿ ಸುಲಭವಾಗಿ ಬರುತ್ತದೆ.

ತೊಳೆಯುವುದೂ ಒಂದು ಕಲೆ

ನಲ್ಲಿ ನೀರಿನ ಕೆಳಗೆ ಕೈಯಿಂದ ಉಜ್ಜಿ ತೊಳೆದರೆ ಧೂಳಿನ ಜೊತೆ ಮೇಲ್ಮೈಯ ಔಷಧಿಯೂ ಸಾಕಷ್ಟು ಹೋಗುತ್ತದೆ. 2017ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಸೇಬನ್ನು ಅಡುಗೆ ಸೋಡಾ ನೀರಿನಲ್ಲಿ 12ರಿಂದ 15 ನಿಮಿಷ ಇಟ್ಟಾಗ, ಪರೀಕ್ಷಿಸಿದ ಎರಡು ಔಷಧಿಗಳೂ ಸಿಪ್ಪೆಯ ಮೇಲಿನಿಂದ ಹೋಗಿದ್ದವು. ಒಂದು ಲೀಟರ್ ನೀರಿಗೆ ಸುಮಾರು 10 ಗ್ರಾಂ, ಅಂದರೆ ಎರಡು ಚಹಾ ಚಮಚ ಸೋಡಾ ಸಾಕು. ಆಮೇಲೆ ಒಳ್ಳೆ ನೀರಲ್ಲಿ ತೊಳೆಯಿರಿ. ಸೋಪು, ಡಿಟರ್ಜೆಂಟ್ ಮುಟ್ಟಿಸಬೇಡಿ. ಸೊಪ್ಪನ್ನು ಹೆಚ್ಚುವ ಮೊದಲೇ ತೊಳೆಯಿರಿ. ಒಳಗೆ ಇಳಿದ ಔಷಧಿ ಮಾತ್ರ ತೊಳೆದರೆ ಹೋಗುವುದಿಲ್ಲ. ಅಂಥದ್ದರ ಭಯ ಇರುವ ಕಡೆಯೇ ಸಾವಯವಕ್ಕೆ ಬೆಲೆ.

ಮೋಸ ಹೋಗಬೇಡಿ

‘ನ್ಯಾಚುರಲ್’, ‘ದೇಸಿ’, ‘ಫಾರ್ಮ್ ಫ್ರೆಶ್’, ‘ಅನ್‌ಪಾಲಿಶ್ಡ್’ ಇವು ಯಾವುವೂ ಸಾವಯವ ಎಂಬ ಗ್ಯಾರಂಟಿ ಅಲ್ಲ. ಪ್ಯಾಕೆಟ್ ಮೇಲೆ ‘ಜೈವಿಕ್ ಭಾರತ್’ ಗುರುತು, ಜೊತೆಗೆ ‘ಇಂಡಿಯಾ ಆರ್ಗಾನಿಕ್’ ಅಥವಾ ‘ಪಿಜಿಎಸ್-ಇಂಡಿಯಾ’ ಗುರುತು ಇದೆಯೇ ನೋಡಿ. 2017ರ ಆಹಾರ ಸುರಕ್ಷತಾ ನಿಯಮಗಳಲ್ಲಿ ಇವಕ್ಕೆ ಮಾನ್ಯತೆ ಇದೆ. ನೇರವಾಗಿ ಮಾರುವ ಸಣ್ಣ ರೈತರಿಗೆ ನಿಯಮದಲ್ಲಿ ವಿನಾಯಿತಿ ಉಂಟು. ಅಲ್ಲಿ ಗುರುತು ಹುಡುಕಬೇಡಿ, ನಾಲ್ಕು ಪ್ರಶ್ನೆ ಕೇಳಿ: ಗೊಬ್ಬರ ಯಾವುದು, ಹುಳಕ್ಕೆ ಏನು ಹೊಡೀತೀರಿ, ಎಷ್ಟು ವರ್ಷದಿಂದ, ಹೊಲ ನೋಡಬಹುದಾ? ನಿಜವಾಗಿ ಬೆಳೆಯುವವರು ಖುಷಿಯಿಂದ ಹೇಳುತ್ತಾರೆ.

ಈ ತಿಂಗಳು ಒಂದೇ ಒಂದು ಪದಾರ್ಥದಿಂದ ಶುರು ಮಾಡಿ, ಅದು ಸೊಪ್ಪಾಗಿರಲಿ. ಬಜೆಟ್‌ಗೆ ಹೊಂದಿದರೆ ಮುಂದಿನ ತಿಂಗಳು ಇನ್ನೊಂದು ಸೇರಿಸಿ. ಹೊಂದದಿದ್ದರೆ ಬೇಸರ ಬೇಡ. ಚೆನ್ನಾಗಿ ತೊಳೆದು, ಹೊಟ್ಟೆ ತುಂಬ ಪಲ್ಯ ರೊಟ್ಟಿ ಬಡಿಸಿ. ಮಕ್ಕಳ ಆರೋಗ್ಯಕ್ಕೆ ಅದಕ್ಕಿಂತ ದೊಡ್ಡ ಔಷಧಿ ಇಲ್ಲ.